ಹಿತ್ತಾಳೆಯ ತೋಟಾ ಏಕೆ ಸೀಳುತ್ತದೆ?

ಎನ್.ಸಿ.ಸಿ. ಶಿಬಿರಕ್ಕೆ ಹೋದ ವಿದ್ಯಾರ್ಥಿಗಳಿಗೆ ಖಾಲಿ ತೋಟಾಗಳನ್ನು ಹೆಕ್ಕಿ, ಎಣಿಸಿ ಒಪ್ಪಿಸುವ ಕ್ರಮ ಗೊತ್ತು. ಅಲ್ಲಿ ಬಳಸುವ .22 ತೋಟಾವನ್ನು ಮತ್ತೆ ತುಂಬುವಂತಿಲ್ಲ; ಕಿಡಿಮದ್ದು ಅದರ ಅಂಚಿನೊಳಗೇ ಇರುತ್ತದೆ. ಪಿಸ್ತೂಲಿನ ತೋಟಾಗಳಲ್ಲಿ ಕಿಡಿಮದ್ದು ತಳದ ನಡುವಿನ ಪುಟ್ಟ ಬಟ್ಟಲಲ್ಲಿರುವುದರಿಂದ, ಅದನ್ನು ಬದಲಿಸಿ ಹಲವು ಬಾರಿ ಬಳಸಬಹುದು. ಹೊರದೇಶಗಳ ಗುರಿಗಾರರಲ್ಲಿ ಇದು ರೂಢಿ. ಆದರೆ ಮೊದಲು ವಿಂಗಡಣೆ ಆಗಬೇಕು.

ಅಯಸ್ಕಾಂತಕ್ಕೆ ಅಂಟಿದ್ದು ಉಕ್ಕು, ಅದು ಹೊರಗೆ. ಬಾಯಿಯಿಂದ ಉದ್ದಕ್ಕೆ ಸೀಳಿದ್ದೂ ಹೊರಗೆ. ಕಣ್ಣಿಗೆ ಕಾಣದ ಸೀಳನ್ನು ಕಿವಿ ಹಿಡಿಯುತ್ತದೆ. ನಾಲ್ಕಾರು ತೋಟಾಗಳನ್ನು ಅಂಗೈಯಲ್ಲಿ ಕುಲುಕಿದರೆ ಒಡಕಿನದು ಮಂಕು ಸದ್ದು ಕೊಡುತ್ತದೆ. ಕುಷ್ಟಗಿ ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬೆರಳಿನಿಂದ ಬಡಿದು ನೋಡುವುದೂ ಇದೇ ತತ್ತ್ವದ ಮೇಲೆ.

ತೋಟಾದ ಹಿತ್ತಾಳೆಯಲ್ಲಿ ಶೇಕಡಾ 70 ತಾಮ್ರ, 30 ಸತು. ತಟ್ಟೆಯಾಕಾರದ ತುಂಡನ್ನು ತಣ್ಣಗಿರುವಾಗಲೇ ಒತ್ತಿ, ಎಳೆದು ಕೊಳವೆ ಮಾಡುವುದರಿಂದ ಲೋಹ ಗಡುಸಾಗಿ, ಒಳಗೆ ಬಿಗಿತ ಉಳಿಯುತ್ತದೆ. ಪ್ರತಿ ಸಲ ಬಾಯಿಯನ್ನು ಅಗಲಿಸಿ, ಮತ್ತೆ ಗುಂಡಿಗೆ ಬಿಗಿದಾಗ ಗಡಸುತನ ಇನ್ನಷ್ಟು ಹೆಚ್ಚಿ, ಕೊನೆಗೆ ಸೀಳುತ್ತದೆ.

ಬಳಸದೆ ಇಟ್ಟ ತೋಟಾಗಳೂ ಸೀಳಿದ್ದುಂಟು. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ಮುಗಿದ ಮೇಲೆ ನೋಡಿದರೆ, ಗುಂಡನ್ನು ಬಿಗಿದ ಜಾಗದಲ್ಲಿ ಬಿರುಕು! ಋತುಮಾನದ ದೋಷವೆಂದೇ ಬಹುಕಾಲ ತಿಳಿದಿದ್ದರು. 1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮಾಲಿನ್ಸನ್ ನಿಜವಾದ ಕಾರಣ ವಿವರಿಸಿದರು. ಕುದುರೆಯ ಮೂತ್ರದಿಂದ ಹೊಮ್ಮುವ ಅಮೋನಿಯಾ ತೇವ ಮತ್ತು ಗಾಳಿಯ ಜೊತೆ ಸೇರಿ ತಾಮ್ರವನ್ನು ಕರಗಿಸುತ್ತದೆ. ಲೋಹದ ಸ್ಫಟಿಕಕಣಗಳ ಗಡಿಗುಂಟ ಕೊರೆಯುತ್ತದೆ. ಒಳಬಿಗಿತ ಆ ಗಡಿಗಳನ್ನು ಎಳೆದು ಬಿಡಿಸುತ್ತದೆ. ಬಿಗಿತವಿಲ್ಲದ ಹಿತ್ತಾಳೆ ಅದೇ ಲಾಯದಲ್ಲಿ ಬಣ್ಣಗೆಟ್ಟರೂ ಹೀಗೆ ಸೀಳದು. ಆದ್ದರಿಂದ ಮದ್ದು ತುಂಬುವ ಮೊದಲೇ, ತಯಾರಿಕೆಯಲ್ಲಿ, ಹಿತ್ತಾಳೆಯನ್ನು ಕಾಯಿಸಿ ಬಿಗಿತ ಸಡಿಲಿಸುತ್ತಾರೆ. ಸುಮಾರು 260 ಡಿಗ್ರಿ ಸೆಲ್ಸಿಯಸ್ ಸಾಕು, ಗಡಸುತನ ಹೆಚ್ಚು ಕುಗ್ಗುವುದಿಲ್ಲ.

ನಮ್ಮ ಜಿಲ್ಲೆಯ ಮಕ್ಕಳಿಗೆ ಇದನ್ನು ಹೇಳಲು ಕುದುರೆ ಲಾಯವೇ ಬೇಕಿಲ್ಲ. ಯಲಬುರ್ಗಾ ಕಡೆಯ ಹಳೆಯ ಮನೆಗಳಲ್ಲಿ ದನಗಳು ಕಟ್ಟುವ ಜಾಗ ಹೆಬ್ಬಾಗಿಲಿನ ಒಳಗೇ ಇರುತ್ತದೆ. ಗಂಜಲದ ಯೂರಿಯಾ ಬ್ಯಾಕ್ಟೀರಿಯಾಗಳಿಂದ ಅಮೋನಿಯಾ ಆಗುತ್ತದೆ. ಗಂಗಾವತಿಯ ಭತ್ತದ ಗದ್ದೆಗೆ ಹಾಕುವ ಯೂರಿಯಾದಲ್ಲೂ ಇದೇ ಕ್ರಿಯೆ. ಅಂಥ ಕಡೆ ಬಿಗಿದು ಕೂರಿಸಿದ ಹಿತ್ತಾಳೆಯ ನಲ್ಲಿ ಸೀಳಿದರೆ ನೀರಿನ ಒತ್ತಡವನ್ನಷ್ಟೇ ದೂರಬಾರದು.

ತೋಟಾ ತೊಳೆಯಲೂ ಅಮೋನಿಯಾ ಬೆರೆತ ಪಾಲಿಶ್ ಸಲ್ಲದು. ನಮ್ಮ ಹುಣಸೆಹಣ್ಣಿನಲ್ಲಿರುವ ಟಾರ್ಟಾರಿಕ್ ಆಮ್ಲ ಆ ಕೆಲಸಕ್ಕೆ ವಾಸಿ. ಆದರೆ ರಾತ್ರಿಯಿಡೀ ನೆನೆಸಬಾರದು: ಸತು ಕರಗಿಹೋಗಿ, ಮೇಲ್ಮೈಯಲ್ಲಿ ತಾಮ್ರದ ನಸುಗೆಂಪು ಕಲೆಗಳು ಕಾಣಿಸಿಕೊಳ್ಳುತ್ತವೆ.