ಮೈದಾನದಲ್ಲಿ ಇಟ್ಟ ಹೆಸರು

ಕಳೆದ ತಿಂಗಳು ನಮ್ಮ ಮದ್ರಸಕ್ಕೆ ಹೊಸ ಹುಡುಗನೊಬ್ಬ ಸೇರಿದ. ಬಾಗಲಕೋಟೆ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬದವನು. ಯಾಕೆ ತಡವಾಯಿತು ಎಂದು ಕೇಳಿದ್ದಕ್ಕೆ "ದಾರ್ಯಾಗ ಮಳಿ ಬಂತ್ರಿ ಉಸ್ತಾದರ" ಅಂದ. ತರಗತಿಗೆ ತರಗತಿಯೇ ನಕ್ಕಿತು. ಮದ್ರಸ ಬಿಡುವಷ್ಟರಲ್ಲಿ ಅವನ ಹೆಸರು 'ಬಂತ್ರಿ' ಎಂದಾಗಿತ್ತು.

ಗದರಿಸಬೇಕಿತ್ತು, ನಮಗೆ ಬಾಯಿ ಬರಲಿಲ್ಲ. ಈ ಆಟ ನಮಗೆ ಹೊಸದಲ್ಲ.

1990ರ ಸುಮಾರಿಗೆ ನಮ್ಮ ಬಾಪ ಐನಾಪುರದಲ್ಲಿ ಚಹಾದಂಗಡಿ ಇಟ್ಟಿದ್ದರು. ಬೆಳಗಾವಿ ಜಿಲ್ಲೆ, ಕೃಷ್ಣಾ ನದಿಯ ಸೀಮೆ. ಆಗ ಅಥಣಿ ತಾಲೂಕಿಗೆ ಸೇರಿತ್ತು, ಈಗ ಕಾಗವಾಡ ತಾಲೂಕು. ಕಣ್ಣು ಹಾಯಿಸಿದಷ್ಟೂ ಕಬ್ಬು. ಕರಾವಳಿಯ ತೆಂಗು-ಕಂಗು ನೋಡಿ ಬೆಳೆದ ನಾವು ಅಣ್ಣತಮ್ಮ ಇಬ್ಬರೂ ಅಲ್ಲಿಯ ಕನ್ನಡ ಶಾಲೆಗೆ ಸೇರಿದೆವು. ನಮ್ಮ ಕುಟ್ಟಿದೊಣ್ಣೆಗೆ ಅಲ್ಲಿ ಚಿಣಿಫಣಿ, ಗೋಲಿಗೆ ಗೋಟಿ, ಶಾಲೆಗೆ ಸಾಲಿ. ಮೊದಲ ದಿನ ಮೈದಾನದಲ್ಲಿ ತಮ್ಮ "ಇದು ಎಂತ ಆಟ?" ಎಂದು ಕೇಳಿದ್ದೇ ತಡ, ನಮ್ಮಿಬ್ಬರಿಗೂ 'ಎಂತ' ಎಂಬ ಹೆಸರು ಬಿತ್ತು. ದೊಡ್ಡ ಎಂತ, ಸಣ್ಣ ಎಂತ.

ಏಳನೇ ಇಯತ್ತೆಯಲ್ಲಿ ಒಬ್ಬ ಗಟ್ಟಿ ಹುಡುಗನಿದ್ದ. ಎರಡು ಸಲ ನಪಾಸಾದವನು. "ಏ ಎಂತಾ, ಬಾರಲೇ ಇಲ್ಲಿ" ಎಂದು ಕರೆದರೆ ಹೋಗಲೇಬೇಕು. ನಮ್ಮ ಗೋಟಿಗಳೆಲ್ಲ ಅವನ ಜೇಬಿಗೆ. ಅಂಗಡಿಯಿಂದ ಖಾರಿ ಕದ್ದು ತಂದುಕೊಡದಿದ್ದರೆ ಆಟಕ್ಕೆ ಸೇರಿಸುತ್ತಿರಲಿಲ್ಲ. ಒಮ್ಮೆ ಮಾಸ್ತರರಿಗೆ ಹೇಳಿದೆವು. ಅವರು ಅವನಿಗೆ ಬೆತ್ತದಿಂದ ಬಾರಿಸಿದರು, ಅವನು ಸಂಜೆ ಅದನ್ನು ಬಡ್ಡಿ ಸಮೇತ ನಮಗೆ ಹಿಂದಿರುಗಿಸಿದ. (ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದ ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ. ಆ ಕಾಲದಲ್ಲಿ ಬೆತ್ತ ಬಿಟ್ಟು ಮಾಸ್ತರರಿಗೂ ಬೇರೆ ದಾರಿ ಗೊತ್ತಿರಲಿಲ್ಲ.) ಉಮ್ಮನಲ್ಲಿ ಹೇಳಿದರೆ "ಅವರ ಹಾಗೆ ಮಾತಾಡಲು ಕಲಿಯಿರಿ ಮಕ್ಕಳೇ" ಅಂದರು. ಕಲಿತೆವು. ಆರು ತಿಂಗಳಲ್ಲಿ "ಯಾಕಲೇ" ಎನ್ನುವುದು ನಮ್ಮ ನಾಲಿಗೆಗೂ ಬಂತು.

ಇಲ್ಲಿಯವರೆಗಿನದ್ದನ್ನು ನಾವು ಎಷ್ಟೋ ಸಲ ಹೇಳಿಕೊಂಡಿದ್ದೇವೆ, ಕೇಳಿದವರು ಅಯ್ಯೋ ಪಾಪ ಅಂದಿದ್ದಾರೆ. ಮುಂದಿನದ್ದನ್ನು ಹೇಳಿರಲಿಲ್ಲ.

ಅಲ್ಲಿ ಕಬ್ಬು ಕಡಿಯುವ ಹಂಗಾಮು ಬಂದರೆ ಮಹಾರಾಷ್ಟ್ರದ ಬೀಡ್ ಕಡೆಯಿಂದ ಕೂಲಿಯವರ ತಂಡಗಳು ಬರುತ್ತವೆ. ಗಂಡ-ಹೆಂಡತಿ ಜೋಡಿಯಾಗಿ ಕಡಿಯುವ ಕೆಲಸ. ಹೊಲದ ಬದಿಗೇ ಗುಡಿಸಲು, ಮಕ್ಕಳೂ ಜೊತೆಗೇ. ಒಂದು ವರ್ಷ ಅಂಥ ಒಬ್ಬ ಹುಡುಗನನ್ನು ಮಾಸ್ತರರು ನಮ್ಮ ತರಗತಿಯಲ್ಲಿ ಕೂರಿಸಿಕೊಂಡರು. ಕನ್ನಡ ಬರದು. ಅವನ ಕೂದಲಲ್ಲಿ ಯಾವಾಗಲೂ ಕಬ್ಬಿನ ಒಣ ಎಲೆಯ ಚೂರು. ಅದಕ್ಕೆ ಅಲ್ಲಿ ರವದಿ ಅನ್ನುತ್ತಾರೆ. 'ರವದಿ' ಎಂದು ಹೆಸರಿಟ್ಟವರು ನಾವೇ, ಆ ಗಟ್ಟಿ ಹುಡುಗನಲ್ಲ. ಅವನು ಹೊಟ್ಟೆ ಹಿಡಿದು ನಕ್ಕ, ನಮ್ಮ ಹೆಗಲ ಮೇಲೆ ಕೈ ಹಾಕಿದ. ಮೈದಾನದಲ್ಲಿ ನಮಗೆ ಜಾಗ ಸಿಕ್ಕಿದ್ದು ಅವತ್ತು. 'ಎಂತ' ಎಂದು ಕರೆಯುವುದು ನಿಂತೇಹೋಯಿತು.

ರವದಿ ದೂರು ಹೇಳಲಿಲ್ಲ. ಹೇಳಲು ಅವನಿಗೆ ಭಾಷೆಯೇ ಇರಲಿಲ್ಲ. ಲಗೋರಿಯಲ್ಲಿ ಚೆಂಡು ಹೆಕ್ಕಿ ತರುವುದಷ್ಟೇ ಅವನ ಪಾಲಿನ ಆಟ. ಒಂದು ದಿನ ಅವನ ಪಾಟಿಚೀಲ ಬೇವಿನ ಮರಕ್ಕೆ ಎಸೆದೆವು. ಕೊಂಬೆಗೆ ಸಿಕ್ಕಿತು. ಮರುದಿನದಿಂದ ಅವನು ಬರಲಿಲ್ಲ. ಹಂಗಾಮು ಮುಗಿದು ತಂಡ ಹೊರಟಿತ್ತೋ, ಇಲ್ಲ ಅವನೇ ಶಾಲೆ ಬಿಟ್ಟನೋ, ನಾವು ಕೇಳಲಿಲ್ಲ.

ಸೂರಃ ಹುಜುರಾತಿನ 11ನೇ ಆಯತ್ತನ್ನು ವರ್ಷ ವರ್ಷವೂ ಮಕ್ಕಳಿಗೆ ಓದಿಸುತ್ತೇವೆ. ಒಬ್ಬರನ್ನೊಬ್ಬರು ಹೀಯಾಳಿಸುವುದನ್ನೂ ಕೆಟ್ಟ ಅಡ್ಡಹೆಸರಿನಿಂದ ಕರೆಯುವುದನ್ನೂ ತಡೆಯುವ ಆಯತ್ತು ಅದು. ಜಗತ್ತಿನ ವಿದ್ಯಾರ್ಥಿಗಳಲ್ಲಿ ಸುಮಾರು ಮೂವರಲ್ಲಿ ಒಬ್ಬರು ಸಹಪಾಠಿಗಳ ಕಾಟಕ್ಕೆ ಸಿಕ್ಕಿದ್ದಾರೆ ಎಂದು ಯುನೆಸ್ಕೊ 2019ರಲ್ಲಿ ವರದಿ ಮಾಡಿತು. ಆ ಲೆಕ್ಕದಲ್ಲಿ ನಮ್ಮನ್ನು ಯಾವ ಕಡೆ ಸೇರಿಸಬೇಕು? ಮನುಷ್ಯನಿಗೆ ಮಾಡಿದ ಅನ್ಯಾಯವನ್ನು ಆ ಮನುಷ್ಯನೇ ಮನ್ನಿಸಬೇಕು ಎಂದು ಪಾಠ ಹೇಳುವಾಗಲೆಲ್ಲ ನಮ್ಮ ಸ್ವರ ಸ್ವಲ್ಪ ತಗ್ಗುತ್ತದೆ. ಕೆಲವು ವರ್ಷಗಳ ಹಿಂದೆ ಐನಾಪುರಕ್ಕೆ ಹೋದಾಗ ಪರಿಚಯದ ಹಿರಿಯರೊಬ್ಬರಲ್ಲಿ ಆ ತಂಡದ ಬಗ್ಗೆ ವಿಚಾರಿಸಿದೆವು. "ವರ್ಷಾ ಬ್ಯಾರೆ ಬ್ಯಾರೆ ಮಂದಿ ಬರ್ತಾರ, ಯಾರ್ನ ಅಂತ ನೆನಪ ಇಡೂದ್ರಿ?" ಅಂದರು.

ಮೊನ್ನೆ ಮದ್ರಸದ ಮಕ್ಕಳಿಗೆ ಇದಿಷ್ಟನ್ನೂ ಹೇಳಿಬಿಟ್ಟೆವು. ಬಾಗಲಕೋಟೆಯ ಹುಡುಗ ಎದುರಿನ ಸಾಲಿನಲ್ಲೇ ಕೂತಿದ್ದ. ಎಲ್ಲರಿಗಿಂತ ಹೆಚ್ಚು ನಕ್ಕಿದ್ದ ಹುಡುಗ ಎದ್ದು ನಿಂತು ಕೇಳಿದ:

"ಉಸ್ತಾದ್, ರವದಿಯ ನಿಜವಾದ ಹೆಸರೆಂತ?"

ಆ ರಾತ್ರಿ ದುಬೈಯಲ್ಲಿರುವ ತಮ್ಮನಿಗೆ ಫೋನ್ ಮಾಡಿ ಕೇಳಿದೆವು. ಅವನು ತುಂಬ ಹೊತ್ತು ಯೋಚಿಸಿದ.

"ರವದಿ ಅಂತಲ್ವಾ?" ಅಂದ.