ಅರ್ಧ ಪ್ರೋಟೀನ್ ಇದ್ರೆ ಅರ್ಧ ಕೆಲಸ ಆಗಲ್ವಾ?

ಹೋದ ತಿಂಗಳು ನನ್ನ ಫ್ರೆಂಡ್ ಒಬ್ಬಳು ಅವಳ ಅಮ್ಮನ ಜೆನೆಟಿಕ್ ಟೆಸ್ಟ್ ರಿಪೋರ್ಟನ್ನ ವಾಟ್ಸಾಪ್ ಮಾಡಿದ್ಲು. ಅಮ್ಮನಿಗೆ ಅಂಡಾಶಯದ ಕ್ಯಾನ್ಸರ್. ಬಿಆರ್‌ಸಿಎ2 ಅನ್ನೋ ಜೀನ್‌ನಲ್ಲಿ ತಪ್ಪಿದೆ, ಅದರಿಂದ ಪ್ರೋಟೀನ್ ಮಧ್ಯದಲ್ಲೇ ತುಂಡಾಗುತ್ತೆ ಅಂತ ಅದರಲ್ಲಿತ್ತು. ಅವಳ ಪ್ರಶ್ನೆ ಇಷ್ಟೇ: "ಅರ್ಧ ಇದ್ಯಲ್ವೇನೋ, ಅದು ಅರ್ಧ ಕೆಲಸ ಆದ್ರೂ ಮಾಡಲ್ವಾ?"

ನಾನು ಬಿಕಾಂ ಓದಿದವನು. ನನಗೂ ಮೊದಲು ಹಾಗೇ ಅನ್ನಿಸ್ತು. ಓದ್ತಾ ಹೋದಾಗ ಗೊತ್ತಾಯ್ತು, ಲೆಕ್ಕ ಹಾಗಿಲ್ಲ.

ಮೊದಲು ಈ ಪ್ರೋಟೀನ್ ಕೆಲಸ ಏನು ನೋಡೋಣ. ನಮ್ಮ ಡಿಎನ್‌ಎ ಎರಡು ಎಳೆಯ ಹಗ್ಗ ಇದ್ದ ಹಾಗೆ. ಅದು ಜೀವಕೋಶದ ನ್ಯೂಕ್ಲಿಯಸ್ ಒಳಗಿರುತ್ತೆ. ಕೆಲವು ಸಲ ಎರಡೂ ಎಳೆ ಒಟ್ಟಿಗೆ ಕಡಿದುಹೋಗುತ್ತೆ. ಆಗ ಆರ್‌ಎಡಿ51 ಅನ್ನೋ ಇನ್ನೊಂದು ಪ್ರೋಟೀನನ್ನ ಕಡಿದ ಜಾಗದಲ್ಲಿ ಕೂರಿಸೋದು ಬಿಆರ್‌ಸಿಎ2. ಡಿಎನ್‌ಎಯ ಸರಿಯಾದ ಪ್ರತಿಯನ್ನ ಹುಡುಕಿ, ಅದನ್ನ ನೋಡ್ಕೊಂಡು ರಿಪೇರಿ ಆಗೋ ಹಾಗೆ ಮಾಡೋದು ಆರ್‌ಎಡಿ51.

ಆದ್ರೆ ಪ್ರೋಟೀನ್ ತಯಾರಾಗೋದು ನ್ಯೂಕ್ಲಿಯಸ್ ಹೊರಗೆ, ಸೈಟೋಪ್ಲಾಸಂನಲ್ಲಿ. ಒಳಗೆ ಹೋಗೋಕೆ ಸಣ್ಣ ಬಾಗಿಲುಗಳಿವೆ. ಚಿಕ್ಕ ಪ್ರೋಟೀನ್‌ಗಳು ನುಸುಳಿಬಿಡ್ತವೆ. ಬಿಆರ್‌ಸಿಎ2 ಹಾಗಲ್ಲ, 3,418 ಅಮೈನೋ ಆಮ್ಲಗಳ ಉದ್ದದ ಸರಪಳಿ. ಅಪಾರ್ಟ್‌ಮೆಂಟ್‌ಗೆ ಬರೋ ಪ್ಲಂಬರ್‌ಗೆ ಗೇಟ್ ಪಾಸ್ ಬೇಕಲ್ವಾ? ಹಾಗೇ ಇದಕ್ಕೂ ಒಂದು ಪಾಸ್ ಬೇಕು. ಆ ಪಾಸ್ ಸರಪಳಿಯಲ್ಲೇ ಬರೆದಿರುತ್ತೆ, ಅದೂ ಕಟ್ಟಕಡೆಯಲ್ಲಿ.

ಈಗ ಸಮಸ್ಯೆ ಗೊತ್ತಾಯ್ತಾ? ಅಶ್ಕೆನಾಜಿ ಯಹೂದಿ ಸಮುದಾಯದಲ್ಲಿ ಹೆಚ್ಚಾಗಿ ಕಾಣೋ ಒಂದು ತಪ್ಪು ತಗೊಳ್ಳಿ. ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋಗಿರುತ್ತೆ. ಅಷ್ಟಕ್ಕೇ ಸರಪಳಿ ಸುಮಾರು 2,000ದ ಹತ್ತಿರ ನಿಂತುಬಿಡುತ್ತೆ. ಆರ್‌ಎಡಿ51 ಹಿಡಿಯೋ ಕೊಂಡಿಗಳು ಬಹುತೇಕ ಉಳಿದಿರುತ್ತವೆ. ಪಾಸ್ ಮಾತ್ರ ಇಲ್ಲ. ಡಿಎನ್‌ಎ ಹಿಡಿಯೋ ಭಾಗವೂ ಇಲ್ಲ. ಕ್ಯಾನ್ಸರ್ ಇರೋ ಕುಟುಂಬಗಳಲ್ಲಿ ಕಂಡ ಇಂಥ ತುಂಡು ಪ್ರೋಟೀನ್‌ಗಳು ಸೈಟೋಪ್ಲಾಸಂನಲ್ಲೇ ಉಳಿದುಬಿಡ್ತವೆ ಅಂತ 1999ರಲ್ಲಿ ವಿಜ್ಞಾನಿಗಳು ತೋರಿಸಿದ್ರು. ಪ್ಲಂಬರ್ ಬಂದಿದ್ದಾನೆ, ಆದ್ರೆ ಗೇಟ್ ಹೊರಗೆ ನಿಂತಿದ್ದಾನೆ. ಒಳಗೆ ಪೈಪ್ ಸೋರ್ತಾನೇ ಇದೆ.

ಹಾಗಂತ ಈ ತಪ್ಪು ಇರೋರಿಗೆಲ್ಲ ಕ್ಯಾನ್ಸರ್ ಬಂದೇ ಬರುತ್ತೆ ಅಂತಲ್ಲ. ಪ್ರತಿ ಜೀನ್‌ಗೂ ಎರಡು ಪ್ರತಿ ಇರುತ್ತೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು ಕೆಟ್ಟಿದ್ರೂ ಇನ್ನೊಂದು ಕೆಲಸ ನಡೆಸುತ್ತೆ. ಯಾವುದಾದ್ರೂ ಕೋಶದಲ್ಲಿ ಅದೂ ಕೈಕೊಟ್ರೆ ಅಪಾಯ ಶುರು.

ಇದೇ ದೌರ್ಬಲ್ಯನ ಔಷಧಿಯೂ ಬಳಸ್ಕೊಳ್ಳುತ್ತೆ. ಒಲಾಪರಿಬ್ ಅನ್ನೋ ಮಾತ್ರೆ ಡಿಎನ್‌ಎ ರಿಪೇರಿಯ ಇನ್ನೊಂದು ದಾರಿಗೆ ಅಡ್ಡ ಹಾಕುತ್ತೆ. ಬಿಆರ್‌ಸಿಎ2 ಮೊದಲೇ ಕೈಕೊಟ್ಟಿರೋ ಕ್ಯಾನ್ಸರ್ ಕೋಶ ಆ ಹಾನಿ ತಡ್ಕೊಳ್ಳೋಕಾಗದೆ ಸಾಯುತ್ತೆ. ಅಂಡಾಶಯದ ಕ್ಯಾನ್ಸರ್‌ಗೆ 2014ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ತು. ಡಾಕ್ಟರ್ ಆ ಟೆಸ್ಟ್ ಬರೆದುಕೊಟ್ಟಿದ್ದೂ ಇದಕ್ಕೇ.

ಇನ್ನೊಂದು ಮಾತು. ಈ ತಪ್ಪು ಮಕ್ಕಳಿಗೆ ಬರೋ ಸಾಧ್ಯತೆ ತಲಾ 50%. ಗಂಡು ಮಕ್ಕಳಿಗೂ ಅಷ್ಟೇ. ಅವರಿಗೂ ಪ್ರಾಸ್ಟೇಟ್, ಸ್ತನ ಕ್ಯಾನ್ಸರ್ ಅಪಾಯ ಹೆಚ್ಚುತ್ತೆ. ನನ್ನ ಫ್ರೆಂಡ್ ಜೆನೆಟಿಕ್ ಕೌನ್ಸೆಲರ್ ಹತ್ರ ಟೈಮ್ ತಗೊಂಡಿದ್ದಾಳೆ. "ನಂಗ್ಯಾಕೆ" ಅಂತಿದ್ದ ಅವಳ ತಮ್ಮನೂ ಜೊತೆಗೆ ಹೋಗ್ತಿದ್ದಾನೆ.

ನಿಮ್ಮ ಮನೇಲೂ ಇಂಥ ರಿಪೋರ್ಟ್ ಇದ್ರೆ ಫೈಲಲ್ಲಿ ಇಟ್ಟು ಮರೀಬೇಡಿ, ತೋರಿಸಿ ಕೇಳಿ. ಮುಂದಿನ ವಾರ ಸಿಗೋಣ.