ಗಾಣದ ಮುಂದೆ ಕ್ಯಾಮೆರಾ: ಸಣ್ಣ ಉತ್ಪಾದಕರಿಗೆ ವಿಡಿಯೋ ಎಂಬ ಹೊಸ ವಿದ್ಯೆ

ಶಿರಾ ತಾಲ್ಲೂಕಿನ ಮದಲೂರು ಎಂದೊಡನೆ ಬಹುಮಂದಿಗೆ ನೆನಪಾಗುವುದು ಅಲ್ಲಿನ ಕೆರೆ. 2020ರ ನವೆಂಬರ್‌ನಲ್ಲಿ ನಡೆದ ಶಿರಾ ಉಪಚುನಾವಣೆಯ ಸಂದರ್ಭದಲ್ಲಿ ಆ ಕೆರೆಗೆ ಹೇಮಾವತಿ ನೀರು ಹರಿಸುವ ವಿಷಯ ರಾಜ್ಯಮಟ್ಟದ ಚರ್ಚೆಯಾಗಿತ್ತು. ವರ್ತಕರ ದೃಷ್ಟಿಯಲ್ಲಾದರೋ ಮದಲೂರಿನಿಂದ ಪಾವಗಡ, ಮಧುಗಿರಿ, ಕೊರಟಗೆರೆಯವರೆಗಿನ ಈ ಒಣಸೀಮೆ ಕಡಲೆಕಾಯಿಯ ಹಾಗೂ ಹುಣಸೆಯ ನಾಡು. ಇಲ್ಲಿ ಮರದ ಗಾಣವನ್ನಿಟ್ಟುಕೊಂಡು ಎಣ್ಣೆ ತೆಗೆಯುವ ಉದ್ಯಮಿ ದಿನನಿತ್ಯ ಎದುರಿಸುವ ಪ್ರಶ್ನೆ ಒಂದೇ: "ಅಂಗಡಿಯ ಪ್ಯಾಕೆಟ್ ಎಣ್ಣೆಗಿಂತ ನಿಮ್ಮದೇಕೆ ಇಷ್ಟು ದುಬಾರಿ?"

ಈ ಪ್ರಶ್ನೆಗೆ ಉತ್ತರವು ಲೆಕ್ಕದಲ್ಲಿದೆ. ನೂರು ಕಿಲೋ ಕಡಲೆಬೀಜದಿಂದ ಗಾಣದಲ್ಲಿ ಸುಮಾರು 40 ಕಿಲೋ ಎಣ್ಣೆ ದೊರೆಯುತ್ತದೆಂದು ಇಟ್ಟುಕೊಂಡರೆ, ಲೀಟರಿಗೆ ಸುಮಾರು 910 ಗ್ರಾಂ ತೂಗುವ ಎಣ್ಣೆಗೆ 2.3 ಕಿಲೋ ಬೀಜ ಬೇಕು. ಸಿಪ್ಪೆ ಸಹಿತ ಕಾಯಿಯ ಲೆಕ್ಕದಲ್ಲಿ ಅದು ಮೂರು ಕಿಲೋಗೂ ಮೀರುತ್ತದೆ. ಉಳಿದ ಹಿಂಡಿಯ ಮಾರಾಟದಿಂದ ಬರುವ ಹಣವನ್ನು ಕಳೆದರೂ ಕಚ್ಚಾಮಾಲಿನ ವೆಚ್ಚವೇ ಬೆಲೆಯ ಬಹುಭಾಗವಾಗಿರುತ್ತದೆ. ಇದನ್ನು ಅಂಗಡಿಯ ಮುಂದೆ ನಿಂತ ಗ್ರಾಹಕನಿಗೆ ಬಾಯಿಮಾತಿನಲ್ಲಿ ವಿವರಿಸುವುದು ಕಷ್ಟ. ಆದರೆ ತಕ್ಕಡಿಯ ಮೇಲೆ ಬೀಜ ಸುರಿದು, ಗಾಣಕ್ಕೆ ಹಾಕಿ, ಬಂದ ಎಣ್ಣೆಯನ್ನು ಅದೇ ತಕ್ಕಡಿಯಲ್ಲಿ ತೂಗಿ ತೋರಿಸಿದರೆ ಮೂರೇ ನಿಮಿಷ ಸಾಕು. ಹೊಸಬನ ಮೊದಲ ವಿಡಿಯೋಗೆ ಇದಕ್ಕಿಂತ ಉತ್ತಮ ವಸ್ತು ಬೇರೊಂದಿಲ್ಲ.

ಅಂಗಳದಿಂದ ಆರಂಭ

ಯೂಟ್ಯೂಬ್‌ನಲ್ಲಿ ಮೊಟ್ಟಮೊದಲ ವಿಡಿಯೋ ಪ್ರಕಟವಾದದ್ದು 2005ರ ಏಪ್ರಿಲ್ 23ರಂದು. ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು ಮಾತನಾಡಿದ ಯುವಕನೊಬ್ಬನ ಆ ಚಿತ್ರದ ಅವಧಿ ಕೇವಲ 19 ಸೆಕೆಂಡು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಸೇವೆ ಆರಂಭಗೊಂಡು ಡೇಟಾ ದರ ಕುಸಿದ ನಂತರ ಹಳ್ಳಿಯ ಮೊಬೈಲಿನಲ್ಲಿಯೂ ವಿಡಿಯೋ ನೋಡುವುದು ಸಾಮಾನ್ಯವಾಯಿತು. ಕಾಸರಗೋಡು ಜಿಲ್ಲೆಯ ಬೆದ್ರಡಿಯ ಸುದರ್ಶನ ಭಟ್ ಸಹೋದರರು 2020ರ ಲಾಕ್‌ಡೌನ್ ಕಾಲದಲ್ಲಿ ಆರಂಭಿಸಿದ 'ಭಟ್ ಎನ್ ಭಟ್' ಎಂಬ ಅಡುಗೆಯ ವಾಹಿನಿ ಕನ್ನಡಿಗರಿಗೆ ಚಿರಪರಿಚಿತ. ಅಲ್ಲಿ ಭವ್ಯವಾದ ಸ್ಟುಡಿಯೋ ಇಲ್ಲ. ಮನೆಯ ಪರಿಸರ, ಊರಿನ ತರಕಾರಿ, ಸಹಜವಾದ ಮಾತು, ಅಷ್ಟೇ. ಶಿರಾ ಸೀಮೆಯ ಉದ್ಯಮಿಯೂ ಪುಸ್ತಕದ ಭಾಷೆಯನ್ನು ಬದಿಗಿಟ್ಟು ತನ್ನ ಗಿರಾಕಿಗಳೊಡನೆ ಆಡುವ ಮಾತನ್ನೇ ಆಡುವುದು ಲೇಸು.

ಹೊಸಬರು ಮಾಡುವ ಮೊದಲ ತಪ್ಪು ದುಬಾರಿ ಕ್ಯಾಮೆರಾ ಖರೀದಿಸುವುದು. ಕೈಯಲ್ಲಿರುವ ಮೊಬೈಲೇ ಸಾಕು. ಗಾಣದ ಮನೆಯಲ್ಲಿ ಅದರ ಲೆನ್ಸಿಗೆ ಎಣ್ಣೆಯ ಬೆರಳಚ್ಚು ತಗುಲಿರುತ್ತದೆ, ಒರೆಸಿಕೊಂಡರೆ ಅರ್ಧ ಕೆಲಸ ಮುಗಿಯಿತು. ಹಣ ಹಾಕುವುದಾದರೆ ಅಂಗಿಗೆ ಸಿಕ್ಕಿಸುವ ಮೈಕಿಗೆ ಹಾಕಬೇಕು. ಚಿತ್ರ ಸ್ವಲ್ಪ ಮಸುಕಾದರೆ ವೀಕ್ಷಕ ಸಹಿಸುತ್ತಾನೆ, ಮಾತು ಕೇಳದಿದ್ದರೆ ಸಹಿಸುವುದಿಲ್ಲ. ಗಾಣ ತಿರುಗುವ ಸದ್ದು ಕಿವಿಗೆ ಇಂಪಾದರೂ ಅದರ ಪಕ್ಕದಲ್ಲಿ ನಿಂತು ಮಾತನಾಡಿದರೆ ಏನೂ ಕೇಳಿಸದು. ದೃಶ್ಯವನ್ನು ಒಮ್ಮೆ, ವಿವರಣೆಯನ್ನು ಯಂತ್ರ ನಿಲ್ಲಿಸಿ ಮತ್ತೊಮ್ಮೆ ಚಿತ್ರೀಕರಿಸಿ ಜೋಡಿಸಬೇಕು. ಕಿಟಕಿಯ ಬೆಳಕು ಮಾತನಾಡುವವನ ಮುಖದ ಮೇಲೆ ಬೀಳಬೇಕೇ ಹೊರತು ಬೆನ್ನ ಹಿಂದಿನಿಂದ ಬರಬಾರದು. ಚಿತ್ರೀಕರಣದ ವೇಳೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕದಿದ್ದರೆ, ಎಣ್ಣೆ ತೂಗುವ ಹೊತ್ತಿಗೇ ಮಂಡಿಯಿಂದ ಕರೆ ಬರುವುದು ಖಂಡಿತ.

"ಎಲ್ಲರಿಗೂ ನಮಸ್ಕಾರ, ನಮ್ಮ ಸಂಸ್ಥೆ ಇಂತಿಷ್ಟರಲ್ಲಿ ಸ್ಥಾಪನೆಯಾಯಿತು" ಎಂಬ ಪೀಠಿಕೆಯನ್ನು ಬಿಟ್ಟುಬಿಡಬೇಕು. ಮೊದಲ ಹತ್ತು ಸೆಕೆಂಡಿನಲ್ಲಿಯೇ ಪ್ರಶ್ನೆಯನ್ನಿಟ್ಟು ತಕ್ಕಡಿಯನ್ನು ತೋರಿಸಬೇಕು. ಒಂದು ವಿಡಿಯೋಗೆ ಒಂದೇ ಪ್ರಶ್ನೆ. ಯೂಟ್ಯೂಬ್ ಸ್ಟುಡಿಯೋದಲ್ಲಿ ವೀಕ್ಷಕರು ಯಾವ ಕ್ಷಣದಲ್ಲಿ ವಿಡಿಯೋ ಬಿಟ್ಟು ಹೋದರೆಂಬುದನ್ನು ತೋರಿಸುವ ರೇಖಾಚಿತ್ರವಿದೆ. ಅದನ್ನು ರೋಜುಕೀರ್ದಿಯಂತೆ ಪ್ರತಿ ವಾರ ನೋಡುವವನು ಬೇಗ ಕಲಿಯುತ್ತಾನೆ. ಹಿನ್ನೆಲೆಗೆ ಸಿನಿಮಾ ಹಾಡು ಹಾಕಿದರೆ ಹಕ್ಕುಸ್ವಾಮ್ಯದ ತಕರಾರು ಬರುತ್ತದೆ. ಉಚಿತ ಸಂಗೀತವು ಯೂಟ್ಯೂಬ್‌ನ ಆಡಿಯೋ ಲೈಬ್ರರಿಯಲ್ಲಿಯೇ ಲಭ್ಯ.

ಆದಾಯ ಯಾವುದು?

ಜಾಹೀರಾತಿನ ಹಣವನ್ನು ನಂಬಿ ಇದಕ್ಕೆ ಕೈಹಾಕುವುದು ವಿವೇಕವಲ್ಲ. ಜಾಹೀರಾತಿನ ಪಾಲು ದೊರೆಯಲು 1,000 ಚಂದಾದಾರರು ಹಾಗೂ ಹನ್ನೆರಡು ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಆಗಿರಬೇಕು, ಅಥವಾ ಕಿರು ವಿಡಿಯೋಗಳಿಗೆ 90 ದಿನಗಳಲ್ಲಿ ಒಂದು ಕೋಟಿ ವೀಕ್ಷಣೆ ಬಂದಿರಬೇಕು. ಉತ್ಪಾದಕನಿಗೆ ಬೇಕಾದದ್ದು ಲಕ್ಷ ವೀಕ್ಷಕರಲ್ಲ, ತಿಂಗಳಿಗೆ ಐದು ಲೀಟರ್ ಕೊಳ್ಳುವ ಇನ್ನೂರು ಮನೆಗಳು.

ವೀಕ್ಷಕರನ್ನು ಸೆಳೆಯುವ ಆತುರದಲ್ಲಿ "ಈ ಎಣ್ಣೆ ಸಕ್ಕರೆ ಕಾಯಿಲೆ, ಹೃದ್ರೋಗ ಗುಣಪಡಿಸುತ್ತದೆ" ಎಂದು ಹೇಳುವವರಿದ್ದಾರೆ. 1954ರ ಔಷಧ ಹಾಗೂ ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆಯಡಿ ಈ ಎರಡೂ ರೋಗಗಳು ನಿಷೇಧಿತ ಪಟ್ಟಿಯಲ್ಲಿವೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದಾರಿತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ನೀಡಿದೆ. ಮೊಬೈಲಿನ ವಿಡಿಯೋ ಕೂಡ ಜಾಹೀರಾತೇ.

ಗಡಿಯಾಚೆಯ ಬೇಡಿಕೆ

ಬಹುಮಂದಿ ಎಡವುವುದು ಇನ್ನೊಂದೆಡೆ. ಪಾವಗಡ, ಮಧುಗಿರಿ, ಶಿರಾ ಮೂರೂ ಆಂಧ್ರಪ್ರದೇಶಕ್ಕೆ ತಾಗಿವೆ. ವಿಡಿಯೋ ನೋಡಿ ಮಡಕಶಿರಾ ಅಥವಾ ಹಿಂದೂಪುರದಿಂದ ಒಬ್ಬರು ಹತ್ತು ಲೀಟರ್ ಎಣ್ಣೆಗೆ ಬೇಡಿಕೆ ಸಲ್ಲಿಸಿದರೆ ಸಂತೋಷವೇ. ಆದರೆ ಜಿಎಸ್‌ಟಿ ರಾಜಿ ತೆರಿಗೆ ಪದ್ಧತಿಯಲ್ಲಿರುವ ವರ್ತಕನು ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ. ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರಿಲ್ಲವೆಂದು ನೋಂದಣಿಯನ್ನೇ ಮಾಡಿಸದವನು ಹೊರರಾಜ್ಯಕ್ಕೆ ತೆರಿಗೆಗೊಳಪಡುವ ಸರಕು ಕಳುಹಿಸಬೇಕಾದರೆ, ವಹಿವಾಟು ಎಷ್ಟೇ ಇರಲಿ, ಮೊದಲು ನೋಂದಣಿ ಮಾಡಿಸಬೇಕು. ಒಂದೇ ಒಂದು ಕೊರಿಯರ್ ಪೊಟ್ಟಣದಿಂದ ರಾಜಿ ಪದ್ಧತಿಯ ಅರ್ಹತೆ ತಪ್ಪಿ, ವ್ಯತ್ಯಾಸದ ತೆರಿಗೆ, ಬಡ್ಡಿ, ದಂಡಗಳು ಬರಬಹುದು.

ಆದುದರಿಂದ ರಾಜಿ ಪದ್ಧತಿಯಲ್ಲಿರುವವರು ಮೊದಲ ಆರು ತಿಂಗಳು "ಕರ್ನಾಟಕದೊಳಗೆ ಮಾತ್ರ ಸರಬರಾಜು" ಎಂದು ವಿಡಿಯೋದ ಕೆಳಗೆ ಬರೆದಿಡುವುದು ಕ್ಷೇಮ. ಗಡಿಯಾಚೆಯ ಬೇಡಿಕೆ ನಿಜವಾಗಿಯೂ ಬೆಳೆಯುತ್ತಿದೆಯೆಂದು ಕಂಡುಬಂದಾಗ, ಹೊರಬರುವ ದಿನಾಂಕಕ್ಕೆ ಮೊದಲೇ ಸಿಎಂಪಿ-04 ನಮೂನೆ ಸಲ್ಲಿಸಿ ಸಾಮಾನ್ಯ ಪದ್ಧತಿಗೆ ಬದಲಾಗಬಹುದು. ಅಂದು ಗೋದಾಮಿನಲ್ಲಿರುವ ದಾಸ್ತಾನಿನ ಮೇಲಿನ ತೆರಿಗೆ ಜಮೆಯನ್ನು ಪಡೆಯಲು ಐಟಿಸಿ-01 ನಮೂನೆಗೆ 30 ದಿನಗಳ ಗಡುವಿದೆ. ಆ ದಾಸ್ತಾನಿನ ಖರೀದಿ ಬಿಲ್ಲುಗಳನ್ನು ಇಂದಿನಿಂದಲೇ ಜೋಪಾನವಾಗಿ ಇಟ್ಟುಕೊಂಡಿರಬೇಕು.